ಅಮಾವಾಸ್ಯೆಯ ಉಡಿದಾರ

ರಾಯಚೂರು
12 ಫೆಬ್ರವರಿ 2025

ನನ್ನ ಮುದ್ದಿನ ತಂಗಿ ಅಂಬಮ್ಮನಿಗೆ,

ನಿನ್ನ ಅಕ್ಕ ಮುದುಕಮ್ಮನ ಆಶೀರ್ವಾದಗಳು. ನಿನ್ನ ಕಾಗದ ಸಂಕ್ರಾಂತಿಗೇ ಬಂದಿತ್ತು. ಉತ್ತರ ಬರಲಿಲ್ಲವೆಂದು ದೇವದುರ್ಗದಲ್ಲಿ ಕೂತು ನನ್ನ ಮೇಲೆ ಮುಖ ಊದಿಸಿಕೊಂಡಿರುತ್ತೀ, ಗೊತ್ತು. ಊದಿಸಿಕೋ. ಫೋನ್ ಮಾಡೋಣವೆಂದರೆ ನಿನ್ನ ಕಿವಿಯ ಅವಸ್ಥೆ ಹೀಗೆ. ನಾನು ಇಲ್ಲಿ ಗಂಟಲು ಹರಿದುಕೊಳ್ಳುವುದು, ನೀನು ಅಲ್ಲಿ ಎಲ್ಲದಕ್ಕೂ "ಹೂಂ ಹೂಂ" ಅನ್ನುವುದು, ಆಮೇಲೆ ಅಕ್ಕ ಏನಂದಳು ಎಂದು ಸೊಸೆಯನ್ನು ಕೇಳುವುದು. ಅದಕ್ಕಿಂತ ಕಾಗದವೇ ವಾಸಿ. ಅಂಗನವಾಡಿಯಲ್ಲಿ ವರದಿ ಬರೆದು ಬರೆದು ಪಳಗಿದ ಕೈ ಇದು, ರಿಟೈರ್ ಆದ ಮೇಲೆ ಸುಮ್ಮನೆ ಕೂರಲು ಅದಕ್ಕೂ ಬೇಸರ.

ಈ ಸಲದ ಸುದ್ದಿ ಕೇಳಿದರೆ ನೀನು ಕೂತಲ್ಲಿಂದ ಎದ್ದು ನಿಲ್ಲುತ್ತೀ. ನಮ್ಮ ಓಣಿಯ ಶಾಲೆಯಲ್ಲಿ ಅರವತ್ತು ದಾಟಿದವರಿಗೆ ಆರೋಗ್ಯ ಶಿಬಿರ ಮಾಡಿದ್ದರು. ನಾನು, ಪಕ್ಕದ ಮನೆಯ ಖಾಸಿಂ ಬೀ, ನಮ್ಮ ಯಜಮಾನರು ಅಂದರೆ ನಿನ್ನ ಮಾಮಾ, ಮೂವರೂ ಹೋದೆವು. ನಿನ್ನ ಮಾಮಾ ಹತ್ತಿ ಮಿಲ್ಲಿನಲ್ಲಿ ಜೀವಮಾನವಿಡೀ ತೂಕ ಹಾಕಿದವರಲ್ಲವೇ, ತಕ್ಕಡಿ ಕಂಡರೆ ಅವರಿಗೆ ದೇವರನ್ನು ಕಂಡಂತೆ. ಯಂತ್ರದ ಮೇಲೆ ನಿಂತವರೇ ಮೀಸೆ ತಿರುವಿ, "ನೋಡ್ರಿ, ಮಿಲ್ಲಿಗೆ ಸೇರಿದಾಗ ಎಷ್ಟಿದ್ದೆನೋ ಇವತ್ತೂ ಅಷ್ಟ ಅದೀನಿ" ಎಂದರು.

ಅಲ್ಲಿದ್ದ ಡಾಕ್ಟರಮ್ಮ ನಕ್ಕುಬಿಟ್ಟಳು. "ಯಜಮಾನ್ರ, ತೂಕದ ಮಾತು ಬಿಡ್ರಿ. ಕೈಕಾಲು ಕಡ್ಡಿ ಆಗ್ಯಾವ, ಹೊಟ್ಟಿ ಗುಡಾಣ ಆಗ್ಯದ. ತೂಕ ಅಷ್ಟ ಅದ ಖರೆ, ಆದ್ರ ಜಾಗಾ ಬದಲ್ ಮಾಡ್ಯದ. ನಿಮ್ಮ ವಯಸ್ಸಿನಾಗ ನಡದ ಅಳತಿ ನೋಡಬೇಕು" ಎಂದಳು.

ಆಮೇಲೆ ನಮ್ಮನ್ನೆಲ್ಲ ಕೂರಿಸಿ ತಿಳಿಸಿ ಹೇಳಿದಳು. ವಯಸ್ಸಾದವರ ತೂಕ ಸರಿಯಿದ್ದರೂ ಸೊಂಟದ ಸುತ್ತಳತೆ ಹೆಚ್ಚಿದ್ದರೆ ಅಪಾಯವಂತೆ. ಕರುಳಿನ ಸುತ್ತ ಕೂತ ಕೊಬ್ಬು ಹೃದಯವನ್ನೂ ಬಿಡುವುದಿಲ್ಲ, ಸಕ್ಕರೆ ಕಾಯಿಲೆಯನ್ನೂ ಕರೆಯದೆ ಇರುವುದಿಲ್ಲ. ಗಂಡಸರು ತೊಂಬತ್ತು ಸೆಂಟಿಮೀಟರಿನ ಒಳಗಿರಬೇಕು, ಹೆಂಗಸರು ಎಂಬತ್ತರ ಒಳಗೆ. ಅದನ್ನು ಕೇಳುತ್ತ ನನಗೆ ನಿನ್ನವರ ನೆನಪು ಬಂತು. ಮೂರು ವರ್ಷದ ಹಿಂದೆ ಅವರು ಉಣ್ಣುತ್ತ ಕೂತವರು ಹಾಗೇ ಪಕ್ಕಕ್ಕೆ ಒರಗಿದಾಗ ಎಲ್ಲರೂ "ಕಲ್ಲಿನಂಗ ಇದ್ದ ಮನಷ್ಯಾ" ಎಂದೇ ಅತ್ತರಲ್ಲ. ಅವರ ಹೊಟ್ಟೆಯೂ ಇವರ ಹಾಗೇ ಇತ್ತು. ಅಂಬಮ್ಮ, ನಿನ್ನಿಂದ ಮುಚ್ಚಿಡುವುದೇನು, ನನಗೆ ಭಯವಾಯಿತು. ನನಗೆ ಇವರು ಇನ್ನೂ ಬೇಕು. ಜಗಳ ಆಡಲಿಕ್ಕಾದರೂ ಬೇಕು.

ಅಳತೆಗೆ ನಿಂತೆವು. ಟೇಪು ಹಿಡಿದವಳು ಗುಲ್ಫಶಾ ಎಂಬ ಹುಡುಗಿ, ನಮ್ಮ ಓಣಿಯ ಆರೋಗ್ಯ ಕೇಂದ್ರದವಳು, ಬಂಗಾರದಂಥವಳು. ನನ್ನದು ತೊಂಬತ್ತನಾಲ್ಕು ಬಂತು. ಖಾಸಿಂ ಬೀ ತನ್ನದು ಎಷ್ಟೆಂದು ಇಂದಿಗೂ ಹೇಳಿಲ್ಲ. ನಿನ್ನ ಮಾಮಾನ ಸರದಿ ಬಂದಾಗ ಗುಲ್ಫಶಾ, "ಅಜ್ಜಾರ, ಅಂಗಿ ಒಂಚೂರು ಮ್ಯಾಲೆ ಮಾಡ್ರಿ" ಎಂದಳು ನೋಡು, ಇವರ ಮುಖ ಕೆಂಪಾಯಿತು. "ಯವ್ವಾ, ನೀ ನನ್ನ ಮೊಮ್ಮಗಳಂಗ ಇದ್ದಿ. ನಿನ್ನ ಮುಂದ ಅಂಗಿ ಎತ್ತಲಾ?" ಎಂದವರೇ ಚಪ್ಪಲಿ ಕೈಯಲ್ಲಿ ಹಿಡಿದು ಹೊರಟೇಹೋದರು. ಇಡೀ ಶಾಲೆ ನಕ್ಕಿತು.

ಮನೆಗೆ ಬಂದು ಕಾಡಿದೆ, ಬೇಡಿದೆ, ಊಟ ಬಿಡುತ್ತೇನೆಂದೆ. ಜಪ್ಪಯ್ಯ ಎನ್ನಲಿಲ್ಲ. ನಾನು ಟೇಪು ತಂದರೂ "ದರ್ಜಿ ಏನು ನೀ" ಎಂದು ಕೈ ತಳ್ಳಿದರು. ಆಗ ನನ್ನ ತಲೆಗೆ ಹೊಳೆದದ್ದು ಉಡಿದಾರ! ನಮ್ಮಲ್ಲಿ ಗಂಡಸಿನ ಸೊಂಟ ಒಂದು ಗಳಿಗೆಯೂ ಬರಿದಾಗಿ ಇರಬಾರದಲ್ಲ. ಹೊಸದನ್ನು ಕಟ್ಟಿದ ಮೇಲೆಯೇ ಹಳೆಯದನ್ನು ತೆಗೆಯುವುದು. ಅದನ್ನು ಕಟ್ಟುವಾಗ ಇವರು ಬೇಡ ಅನ್ನುವ ಹಾಗೇ ಇಲ್ಲ. ಸಂಕ್ರಾಂತಿ ಮುಗಿದು ಬಂದ ಅವರಾತ್ರಿ ಅಮಾವಾಸ್ಯೆಯ ದಿನ ಎರಡು ಕರಿ ದಾರ ಜೋಡಿಸಿ ಹೊಕ್ಕುಳ ಮೇಲೆ ಸುತ್ತಿದೆ. ಒಂದನ್ನು ಇವರಿಗೆ ಕಟ್ಟಿದೆ, ಇನ್ನೊಂದನ್ನು ಸರಿಯಾಗಿ ಅದೇ ಅಳತೆಗೆ ಕತ್ತರಿಸಿ ಗುಲ್ಫಶಾಳ ಬಳಿ ಒಯ್ದೆ. ಅವಳು ಟೇಪಿನ ಮೇಲೆ ಇಟ್ಟಳು. ನೂರಾ ಆರು!

ಇನ್ನು ಪ್ರತಿ ಅಮಾವಾಸ್ಯೆಗೂ ಹೀಗೇ ಅಂತ ಗೊತ್ತುಮಾಡಿದ್ದೇವೆ. "ದಾರ ಬೇಕಾರ ದಿಲ್ಲಿತನಕಾ ಒಯ್ಯಿ, ನನ್ನ ಮಾತ್ರ ಕರೀಬ್ಯಾಡ" ಎಂದು ಇವರೂ ಒಪ್ಪಿದ್ದಾರೆ. ನಾಳೆಯಿಂದ ಬೆಳಿಗ್ಗೆ ಕೆರೆ ದಂಡೆಗೆ ನಡಿಗೆ. ಸ್ಟೇಶನ್ ರಸ್ತೆಯ ಮಂಡಾಳ ಒಗ್ಗರಣೆ, ಮಿರ್ಚಿ ಭಜಿ ಬಂದ್. ನೀನೂ ಇವತ್ತೇ ಒಂದು ದಾರ ತೆಗೆದುಕೊಂಡು ನಿನ್ನ ಸೊಂಟ ಅಳೆದು ಬರೆ. ಸುಳ್ಳು ಹೇಳಬೇಡ, ನಿನ್ನ ಸೊಸೆಯನ್ನು ಕೇಳುತ್ತೇನೆ.

ನೀರಮಾನ್ವಿಯ ಎಲ್ಲಮ್ಮ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ
ಮುದುಕಮ್ಮ

ತಾ. ಕ.: ಹುಟ್ಟಿದ ದಿನವೇ ನನಗೆ ಮುದುಕಮ್ಮ ಎಂದು ಹೆಸರಿಟ್ಟರಲ್ಲ, ಈಗ ಮುದುಕಿಯಾಗುವ ವಯಸ್ಸಿನಲ್ಲಿ ಹುಡುಗಿಯ ಹಾಗೆ ಓಡಾಡುತ್ತಿದ್ದೇನೆ. ಅವ್ವ ಇದ್ದಿದ್ದರೆ ನಗುತ್ತಿದ್ದಳು.

---

ರಾಯಚೂರು
18 ಮೇ 2025

ಪ್ರೀತಿಯ ಅಂಬಮ್ಮನಿಗೆ,

ಬೆವರು ಒರೆಸಿಕೊಳ್ಳುತ್ತ ಅಕ್ಕ ಮಾಡುವ ಆಶೀರ್ವಾದ. ನಿನ್ನ ಎರಡು ಕಾಗದಗಳಿಗೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಬಿಸಿಲಿಗೆ ಪೆನ್ನಿನ ಶಾಯಿಯೂ ಒಣಗುವ ಕಾಲ ಇದು. ಮೇಲಾಗಿ ನನಗೆ ಪುರುಸೊತ್ತು ಎಲ್ಲಿದೆ? ನಾನು ಈಗ ನಮ್ಮ ಓಣಿಯಲ್ಲಿ ದೊಡ್ಡ ಮನುಷ್ಯಳು.

ಗೋಡೆಯ ಮೊಳೆಗೆ ನಾಲ್ಕು ದಾರ ನೇತು ಹಾಕಿದ್ದೇನೆ. ಮೊದಲನೆಯದು ಅವರಾತ್ರಿ ಅಮಾವಾಸ್ಯೆಯದು. ಶಿವರಾತ್ರಿ ಅಮಾವಾಸ್ಯೆಯದು ಅದಕ್ಕಿಂತ ಎರಡು ಬೆರಳು ಗಿಡ್ಡ. ಯುಗಾದಿಯದು ಇನ್ನೂ ಗಿಡ್ಡ. ಹೋದ ತಿಂಗಳಿನದನ್ನು ಗುಲ್ಫಶಾ ಟೇಪಿಗೆ ಹಿಡಿದಾಗ ತೊಂಬತ್ತೇಳು! ಆ ಹುಡುಗಿ ಕುರ್ಚಿಯಿಂದ ಎದ್ದು, "ಅಜ್ಜಿ, ಇಡೀ ವಾರ್ಡಿನಾಗ ಇಷ್ಟು ಯಾರೂ ಇಳಿಸಿಲ್ರೀ. ಅಜ್ಜಾರನ್ನ ಒಮ್ಮೆ ಕರಕೊಂಡು ಬರ್ರಿ, ನಾ ಕೈ ಮುಗೀತೀನಿ" ಎಂದಳು. ಮನೆಗೆ ಬಂದು ಹೇಳಿದರೆ ಇವರು, "ಕೈ ಇಲ್ಲಿಂದನ ಮುಗೀಲಿ" ಎಂದರು. ಎಮ್ಮೆಗೆ ಬುದ್ಧಿ ಹೇಳಬಹುದು, ಇವರಿಗಾಗದು.

ಆದರೆ ಉಳಿದುದರಲ್ಲಿ ಎಂಥ ಬದಲಾವಣೆ ಅಂತೀ! ಮೊದಲು ಮೂರು ರೊಟ್ಟಿ ತಿಂದು ಅನ್ನಕ್ಕೆ ಕೂರುತ್ತಿದ್ದವರು ಈಗ ಒಂದಕ್ಕೇ ತಟ್ಟೆ ಸರಿಸುತ್ತಾರೆ. ನಾನು ಹೇಳುವುದೇ ಬೇಡ, ತಾವಾಗಿಯೇ. ಮಗ ವಿನೋದನ ಹೆಂಡತಿ, "ಮಾವಾರ, ಇನ್ನರ್ಧ ಹಾಕ್ಕೋರಿ" ಅಂದರೆ, "ಬ್ಯಾಡವ್ವಾ, ನಡಾ ಸಣ್ಣ ಮಾಡಬೇಕಲ್ಲ" ಎಂದು ಕೈ ಅಡ್ಡ ಹಿಡಿಯುತ್ತಾರೆ. ಮಗನಿಗೂ ಅಪ್ಪನನ್ನು ನೋಡಿ ನಾಚಿಕೆಯಾಗಿ ಅವನೂ ಒಂದು ರೊಟ್ಟಿ ಕಡಿಮೆ ಮಾಡಿದ್ದಾನೆ. ಮಿರ್ಚಿಯ ಹೆಸರೆತ್ತಿದರೆ ಸಾಕು, ನಿನ್ನ ಮಾಮಾ ಮುಖ ತಿರುಗಿಸುತ್ತಾರೆ! ಮಿರ್ಚಿಗಾಗಿ ಮದುವೆಯ ಮರುದಿನವೇ ಮನೆ ಬಿಟ್ಟು ಹೋದವರು ಇವರು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಅವ್ವ ಹೇಳುತ್ತಿದ್ದದ್ದು ಇವರಿಗೆ ಎಪ್ಪತ್ತರ ಹತ್ತಿರ ಬಂದು ಅರ್ಥವಾಯಿತು.

ನನ್ನದು ತೊಂಬತ್ತೊಂದಕ್ಕೆ ಬಂದು ನಿಂತಿದೆ, ಮುಂದೆ ಅಲ್ಲಾಡುತ್ತಿಲ್ಲ. ನಡಿಗೆಯಲ್ಲಿ ನಾನು ಮುಂದೆ, ಖಾಸಿಂ ಬೀ ನಡುವೆ, ಇವರು ಹಿಂದೆ. ಈಗೀಗ ಕೆರೆಯ ಅರ್ಧ ಸುತ್ತಿಗೇ ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ನಾವು ಪೂರ್ತಿ ಸುತ್ತಿ ಬಂದರೂ ನಾವೇ ದಪ್ಪ, ಕೂತವರು ತೆಳ್ಳಗೆ! ಖಾಸಿಂ ಬೀ ಹೊಟ್ಟೆಯುರಿಯಿಂದ, "ಅರೆ ಅಕ್ಕಾ, ಇವ್ರು ಕುಂತಲ್ಲೇ ಕರಗಾಕತ್ತಾರಲ್ಲ! ಮಾಷಾಲ್ಲಾ! ಆ ದಾರದಾಗ ಏನರ ಮಂತ್ರ ಹಾಕೀ ಏನು?" ಎಂದಳು. ಅವಳೂ ಈಗ ತನ್ನ ಗಂಡನಿಗೆ ದಾರ ಸುತ್ತುತ್ತಾಳೆ. ಅವರಲ್ಲಿ ಉಡಿದಾರ ಇಲ್ಲ, ಆದರೂ ಸುತ್ತುತ್ತಾಳೆ.

ಇನ್ನು ನಿನ್ನ ಮಾತಿಗೆ ಬರುತ್ತೇನೆ. ಮಾನ್ವಿಯಲ್ಲಿ ಮಗಳು ಮಂಜುಳಾಳ ಮನೆಗೆ ಹೋಗಿದ್ದಾಗ ಅವಳು ನಮ್ಮನ್ನು ಚೀಕಲಪರ್ವಿಗೆ ಹೊಳೆ ಸ್ನಾನಕ್ಕೆ ಕರೆದೊಯ್ದಿದ್ದಳು. ಹೊಳೆಯ ದಂಡೆಯ ಮೇಲೆ ತೆಗೆದ ಫೋಟೋ ಮೊಬೈಲಿಗೆ ಕಳಿಸಿದ್ದನ್ನು ನೋಡಿ ನೀನು ಏನು ಬರೆದೆ? "ಮಾಮಾನ ಗಲ್ಲ ಒಳಗ ಹೋಗ್ಯಾವ, ಹೆಗಲ ಮ್ಯಾಲಿನ ಎಲುಬು ಕಾಣತಾವ, ನನಗ ಯಾಕೋ ಸರಿ ಅನಸವಲ್ದು" ಎಂದು. ಅಂಬಮ್ಮ, ಕಣ್ಣು ಹಾಕಬೇಡ. ಹೊಟ್ಟೆ ಕರಗುವಾಗ ಗಲ್ಲ ಕರಗದೇ ಇರುತ್ತದೆಯೇ? ಹೊಳೆಗೆ ಇಳಿಯದೆ ದಂಡೆಯ ಮೇಲೆ ಕೂತದ್ದಕ್ಕೂ ನೀನು ಅರ್ಥ ಹುಡುಕಿದೆ. ಬಿಸಿಲಿಗೆ ಸುಸ್ತಾಗಿತ್ತು, ಅಷ್ಟೇ. ನಿನಗೆ ನಿನ್ನವರು ಹೋದಾಗಿನಿಂದ ಎಲ್ಲದರಲ್ಲೂ ಕೆಟ್ಟದ್ದೇ ಕಾಣುತ್ತದೆ. ಹೀಗೆ ಬರೆದದ್ದಕ್ಕೆ ಬೇಜಾರಾದರೆ ಬೈದುಬಿಡು, ಆದರೆ ನನ್ನ ಖುಷಿಗೆ ಮಸಿ ಬಳಿಯಬೇಡ. ನನಗೆ ನಿಜವಾಗಿಯೂ ಖುಷಿಯಾಗಿದೆ. ಇವರು ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದು ಈಗ ನನಗೆ ಧೈರ್ಯ ಬಂದಿದೆ.

ನಿನ್ನ ಸೊಂಟದ ಎಂಬತ್ತೆಂಟನ್ನು ಎಂಬತ್ತಕ್ಕೆ ತಾ, ಆಮೇಲೆ ಬುದ್ಧಿ ಹೇಳುವಿಯಂತೆ. ನೂರು ಕಾಲ ಬಾಳು.

ನಿನ್ನ ಅಕ್ಕ
ಮುದುಕಮ್ಮ

---

ರಾಯಚೂರು
1 ಆಗಸ್ಟ್ 2025

ಅಂಬಮ್ಮ! ಅಂಬಮ್ಮ! ಅಂಬಮ್ಮ!

ಮೊದಲು ಆಶೀರ್ವಾದ, ಆಮೇಲೆ ಕ್ಷಮೆ, ಆಮೇಲೆ ಸುದ್ದಿ ಬರೆಯಬೇಕು. ಇವತ್ತು ಆ ಕ್ರಮಕ್ಕೆಲ್ಲ ತಾಳ್ಮೆಯಿಲ್ಲ. ಎಂಬತ್ತೊಂಬತ್ತು! ನಾಗರ ಅಮಾವಾಸ್ಯೆಯ ದಾರ ಎಂಬತ್ತೊಂಬತ್ತು ಬಂತು! ತೊಂಬತ್ತರ ಗಡಿ ದಾಟಿ ಈಚೆ ಬಂದರು ನಿನ್ನ ಮಾಮಾ!

ನನಗೇ ನಂಬಿಕೆ ಬರಲಿಲ್ಲ. ದಾರ ಎಳೆದು ಹಿಡಿದಿದ್ದೀನೇನೋ ಎಂದು ಸಂಶಯವಾಗಿ ಮನೆಗೆ ಬಂದು ಮತ್ತೆ ಸುತ್ತಿದೆ. ಇವರು ಎರಡೂ ಕೈ ಮೇಲೆತ್ತಿ ನಿಂತು, "ಇನ್ನೂ ಎಷ್ಟು ಸಲ ಸುತ್ತತಿ? ನಾ ಏನು ಬುಗುರಿ ಏನು?" ಎಂದರು. ನಾನು ಇವರ ಸೊಂಟವನ್ನು ಎರಡೂ ತೋಳಿಂದ ಹಿಡಿದೆ. ಮೊದಲು ನನ್ನ ಕೈಗೆ ಕೈ ಸಿಗುತ್ತಿರಲಿಲ್ಲ, ಈಗ ಬೆರಳು ಬೆರಳೊಳಗೆ ಹೆಣೆದುಕೊಂಡವು. ವಿನೋದನ ಹೆಂಡತಿ ಅಡುಗೆ ಮನೆಯಿಂದ ನೋಡಿ ಬಾಯಿಗೆ ಸೆರಗು ಹಿಡಿದು ಓಡಿದಳು. ಈ ವಯಸ್ಸಿನಲ್ಲಿ ನನಗೆ ನಾಚಿಕೆ ಏನು ಬಂತು, ನಕ್ಕುಬಿಟ್ಟೆ.

ಇನ್ನೂ ಇದೆ, ಕೇಳು. ಗುಲ್ಫಶಾ ಈ ದಾರಗಳ ಕಥೆಯನ್ನು ಡಾಕ್ಟರಮ್ಮನಿಗೆ ಹೇಳಿದ್ದಾಳೆ. ಬರುವ ಸೋಮವಾರ ಆರೋಗ್ಯ ಕೇಂದ್ರದಲ್ಲಿ ಹಿರಿಯರ ಸಭೆ ಇದೆ. ಅಲ್ಲಿ ನಿನ್ನ ಮಾಮಾನಿಗೆ ಶಾಲು ಹೊದಿಸುತ್ತಾರಂತೆ! ಎಲ್ಲರ ಮುಂದೆ ನಿಲ್ಲಿಸಿ, ಸೊಂಟ ಇಳಿಸಿದವರು ಇವರು ಎಂದು ತೋರಿಸುತ್ತಾರಂತೆ. ಇವರು ಎರಡು ದಿನ ಹಟ ಹಿಡಿದರು. ಕೊನೆಗೆ ನಾನು, "ನನ್ನ ಸಲುವಾಗಿ ಬರ್ರಿ. ಇಷ್ಟು ತಿಂಗಳು ದಾರ ಹಿಡಕೊಂಡು ಒಬ್ಬಾಕಿನ ಹೋಗೀನಿ, ಒಮ್ಮೆ ನಿಮ್ಮನ್ನ ಹಿಡಕೊಂಡು ಹೋಗಬೇಕು" ಎಂದೆ. ನನ್ನ ಮುಖ ನೋಡಿದರು. "ಆತು ನಡಿ" ಎಂದರು.

ಹಳೆಯ ಅಂಗಿಗಳೆಲ್ಲ ಗೂಟಕ್ಕೆ ಹಾಕಿದ ಹಾಗೆ ಜೋಲುತ್ತವೆಂದು ವಿನೋದ ಹೊಸ ಬಿಳಿ ಅಂಗಿ ಹೊಲಿಸಿ ತಂದಿದ್ದಾನೆ. ಮಂಜುಳಾ ಮಾನ್ವಿಯಿಂದ ಬರುತ್ತಾಳೆ. ಖಾಸಿಂ ಬೀ ಖೀರು ಮಾಡಿ ತರುತ್ತೇನೆಂದಿದ್ದಾಳೆ, ಸಕ್ಕರೆ ಕಡಿಮೆ ಹಾಕಲು ಹೇಳಿದ್ದೇನೆ. ಪಂಚಮಿಗೆ ಶೇಂಗಾದ ಉಂಡಿ, ಎಳ್ಳಿನ ಉಂಡಿ ಎಲ್ಲ ಮಾಡಿದ್ದೆ. ಇವರು ಒಂದರ ತುದಿ ಕಚ್ಚಿ ತಟ್ಟೆಯಲ್ಲಿ ಇಟ್ಟರು. ಹಬ್ಬದ ದಿನವೂ ಇಷ್ಟು ಗಟ್ಟಿ ಮನಸ್ಸು! ನಾನು ನಾಲ್ಕು ತಿಂದೆ, ನನಗೆ ಆ ಮನಸ್ಸಿಲ್ಲ.

ನೀನೂ ಬರಬೇಕಿತ್ತು. ನಿನ್ನ ಮೊಮ್ಮಗನ ಜ್ವರ ಇಳಿಯಿತೇ? ಸಭೆಯ ಫೋಟೋ ಮಂಜುಳಾ ಕಳಿಸುತ್ತಾಳೆ, ಈ ಸಲ ಗಲ್ಲ ನೋಡಬೇಡ, ಶಾಲು ನೋಡು.

ನಿನಗೂ ಮಕ್ಕಳು ಮೊಮ್ಮಕ್ಕಳಿಗೂ ಎಲ್ಲಮ್ಮನ ಕಾಪು ಇರಲಿ. ಮನೆ ತುಂಬ ನಗು ಇರಲಿ.

ಸಂತೋಷದಲ್ಲಿ ನೆಲ ಕಾಣದ ನಿನ್ನ ಅಕ್ಕ
ಮುದುಕಮ್ಮ

ತಾ. ಕ.:

ಆಗಸ್ಟ್ 17, ಭಾನುವಾರ

ಮೇಲಿನ ಕಾಗದ ಬರೆದು ಇಟ್ಟವಳು ಅಂಚೆಗೆ ಹಾಕಿರಲಿಲ್ಲ. ಶಾಲಿನ ಸುದ್ದಿಯನ್ನೂ ಸೇರಿಸಿ ಕಳಿಸೋಣವೆಂದು. ಹರಿದು ಬೇರೆ ಬರೆಯಬೇಕೆಂದರೆ ಕೈ ಬರಲಿಲ್ಲ.

ಸೋಮವಾರ ಹೋದೆವು. ಹೊಸ ಅಂಗಿ ಹಾಕಿಕೊಂಡು ಇವರು ಬಾಗಿಲಲ್ಲಿ ನಿಂತರು. ಗುಲ್ಫಶಾ ನಗುತ್ತ ಎದ್ದವಳು ಅರ್ಧಕ್ಕೇ ನಿಂತಳು. ಡಾಕ್ಟರಮ್ಮ ಇವರ ಮುಖ ನೋಡಿದಳು, ಅಂಗಿಯ ತೋಳು ಮೇಲೆ ಸರಿಸಿ ರಟ್ಟೆ ಹಿಡಿದಳು, ರೆಪ್ಪೆ ಎಳೆದು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಅಮ್ಮಾ, ಆರು ತಿಂಗಳಿಂದ ದಾರ ತಂದ್ರಿ. ಮನಷ್ಯಾನ್ನ ಯಾಕ ತರಲಿಲ್ಲ?" ಎಂದಳು. ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಇವರು ಕಣ್ಣು ಮುಚ್ಚಿಕೊಂಡು ನಿಂತರು, ಎಷ್ಟೆಂದು ಕೇಳಲಿಲ್ಲ. ಶಾಲು ಮೇಜಿನ ಮೇಲೆ ಹಾಗೇ ಇತ್ತು.

ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹೊಟ್ಟೆಯೊಳಗೆ ಕ್ಯಾನ್ಸರ್, ಅಂಬಮ್ಮ. ಯಕೃತ್ತಿಗೂ ಹೋಗಿದೆಯಂತೆ. ಆಪರೇಷನ್ನಿಗೆ ಮೀರಿದೆ ಎಂದು ಹೇಳಿದ್ದಾರೆ. ಮನೆಗೆ ಕರೆದುಕೊಂಡು ಬಂದಿದ್ದೇವೆ. ಸೊಂಟ ಕರಗಿದ್ದು ನಡಿಗೆಯಿಂದಲ್ಲ, ಅನ್ನ ಇಳಿಯದೆ. ಅಂಗನವಾಡಿಯಲ್ಲಿ ಊರ ಮಕ್ಕಳ ರಟ್ಟೆಗೆ ಅಳತೆಯ ಪಟ್ಟಿ ಸುತ್ತಿ, ಯಾವ ಮಗು ಸೊರಗಿದೆ ಎಂದು ಹೇಳುತ್ತಿದ್ದವಳು ನಾನು.

ಇವರಿಗೆ ಯುಗಾದಿಗೂ ಮೊದಲೇ ಹೊಟ್ಟೆ ನೋಯುತ್ತಿತ್ತಂತೆ. ಎರಡು ತುತ್ತಿಗೇ ತುಂಬಿದ ಹಾಗಾಗುತ್ತಿತ್ತಂತೆ. ಯಾಕೆ ಹೇಳಲಿಲ್ಲವೆಂದು ಮೊನ್ನೆ ಕೂಗಾಡಿದೆ, ಹೊಡೆಯುವುದೊಂದು ಬಾಕಿ. ಇವರು ಮೆಲ್ಲಗೆ, "ನೀ ದಾರ ಹಿಡಕೊಂಡು ಓಣಿ ತುಂಬ ಕುಣಿದಾಡಾಕತ್ತಿದ್ದಿ. ಅದರಾಗ ಹೊಟ್ಟಿ ನೋಯ್ತದ ಅಂತ ಹೆಂಗ ಹೇಳ್ಲಿ? ದಾರ ಗಿಡ್ಡ ಆದಾಗೆಲ್ಲ ನನ್ನ ನೋಡಿ ನಗತಿದ್ದಿ. ನನ್ನ ನೋಡಿ ಅಷ್ಟು ನಕ್ಕಿದ್ದು ಯಾವಾಗ ಬೇ ನೀನು?" ಎಂದರು.

ನಿನಗೆ ಕಂಡದ್ದು ನನಗೆ ಕಾಣಲಿಲ್ಲ. ಅದರ ಮಾತು ಈಗ ಬೇಡ, ನೀನು ಬಂದಾಗ ಬೈಯಿ.

ಬರುವ ಶನಿವಾರ ಅಮಾವಾಸ್ಯೆ. ಹೊಸ ದಾರ ತಂದೆಯಾ ಎಂದು ಇವರು ಬೆಳಿಗ್ಗೆಯಿಂದ ಎರಡು ಸಲ ಕೇಳಿದರು. ಅದಕ್ಕೆ ಮೊದಲು ಬಸ್ಸು ಹತ್ತಿ ಬಂದುಬಿಡು. ದಾರ ಇನ್ನೂ ಗಿಡ್ಡವಾಗಿರುತ್ತದೆ, ನಾನು ಇವರನ್ನು ನೋಡಿ ನಗಬೇಕು. ಒಬ್ಬಳಿಂದ ಆಗುವುದಿಲ್ಲ, ಅಂಬಮ್ಮ.